ದಕ್ಷನ ಎರಡು ಬುದ್ಧಿವಾದಗಳು

ನಮ್ಮ ತಾಳಮದ್ದಳೆಯ ಕೂಟಗಳಲ್ಲಿ ದಕ್ಷನೆಂದರೆ ಗರ್ವದ ಮೂರ್ತಿ. ಕೇಳದ ಅಳಿಯನಿಗೆ ಬುದ್ಧಿ ಹೇಳಹೋಗಿ ಕೆಟ್ಟ ಮಾವನೆಂದೇ ಅವನನ್ನು ಚಿತ್ರಿಸುವುದು ವಾಡಿಕೆ. ಈ ಚಿತ್ರವು ಅರ್ಧಸತ್ಯವೆಂಬುದು ನಮ್ಮ ಅಭಿಪ್ರಾಯ.

ಮಹಾಭಾರತದ ಶಲ್ಯಪರ್ವವನ್ನು ನೋಡೋಣ. ದಕ್ಷನ 27 ಮಂದಿ ಪುತ್ರಿಯರನ್ನು ವರಿಸಿದ ಚಂದ್ರನು ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದನು. ಉಳಿದವರು ತಂದೆಯಲ್ಲಿ ಮೊರೆಯಿಟ್ಟರು. ಎಲ್ಲರಲ್ಲಿಯೂ ಸಮನಾಗಿ ನಡೆದುಕೊಳ್ಳಬೇಕೆಂದು ದಕ್ಷನು ಎರಡು ಬಾರಿ ಹೇಳಿದನು. ಮೂರನೆಯ ಮೊರೆಗೆ ಕ್ಷಯರೋಗದ ಶಾಪವಿತ್ತನು. ಶಾಪವು ಕಠೋರವಾದರೂ ಬುದ್ಧಿಮಾತು ನ್ಯಾಯವಾದುದೇ.

ಭಾಗವತದ ಚತುರ್ಥಸ್ಕಂಧದ ದಕ್ಷನು ಬೇರೆ. ತಾನು ಸಭೆಗೆ ಬಂದಾಗ ಶಿವನು ಏಳಲಿಲ್ಲವೆಂದು ಅವನ ಕೋಪ. ಅಳಿಯನಾದವನ ಕರ್ತವ್ಯವನ್ನು ಸಭಾಮಧ್ಯದಲ್ಲಿ ಎತ್ತಿ ಆಡಿ, ನಿಂದಿಸಿ, ಯಜ್ಞಭಾಗವಿಲ್ಲದಂತೆ ಶಪಿಸುತ್ತಾನೆ. ಶಿವನು ಮರುನುಡಿಯದೆ ಹೊರನಡೆಯುತ್ತಾನೆ.

ಎರಡೆಡೆಯಲ್ಲಿಯೂ ಅಳಿಯನು ಬುದ್ಧಿವಾದವನ್ನು ಬೇಡಿರಲಿಲ್ಲ. ಭೇದವಿರುವುದು ಮಗಳ ವಿಷಯದಲ್ಲಿ. ಅಲ್ಲಿ ಪುತ್ರಿಯರ ಅಳಲನ್ನು ಕೇಳಿ ತಂದೆ ನುಡಿದನು. ಇಲ್ಲಿ ಸತಿಯ ಮನಸ್ಸನ್ನು ವಿಚಾರಿಸದೆ ತನ್ನ ಮಾನಕ್ಕಾಗಿ ನುಡಿದನು. ಆದುದರಿಂದ ಮೊದಲನೆಯದಕ್ಕೆ ಕಿವಿಗೊಡುವುದು ಧರ್ಮ; ಎರಡನೆಯದಕ್ಕೆ ಮೌನವೇ ತಕ್ಕ ಉತ್ತರ. ಆದರೆ ಆ ಮೌನವೂ ಸತಿಯನ್ನು ಉಳಿಸಲಿಲ್ಲ. ತಂದೆಯ ಯಜ್ಞಶಾಲೆಯಲ್ಲಿಯೇ ಅವಳು ದೇಹತ್ಯಾಗ ಮಾಡಿದಳು.

ಮಾವ ಅಳಿಯಂದಿರ ವಾದದ ಅಬ್ಬರದಲ್ಲಿ ಅರ್ಥಧಾರಿಗಳು ಅನೇಕ ವೇಳೆ ಮರೆಯುವುದು ಇದನ್ನೇ. ದಕ್ಷನ ಅರ್ಥ ಹೇಳಲು ಕುಳಿತುಕೊಳ್ಳುವ ವಿದ್ಯಾರ್ಥಿಯು ಈ ಎರಡು ಕಥೆಗಳನ್ನೂ ಜೊತೆಗಿಟ್ಟು ಓದಲಿ. ಮಾವನ ಮಾತನ್ನು ತೂಗಬೇಕಾದುದು ಅವನ ಹಿರಿತನದಿಂದಲ್ಲ, ಅದು ಯಾರ ಹಿತಕ್ಕಾಗಿ ಹೊರಟಿತೆಂಬುದರಿಂದ.