ಹೆಸರು ಬಂತೋ, ಹೆಸರು ಮಾಡಿದರೋ?

ಸಿಂಧನೂರಿನ ಭತ್ತ ಫೇಮಸ್, ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನ ಫೇಮಸ್, ಮಸ್ಕಿಯ ಶಾಸನವೂ ಫೇಮಸ್. ಈ ಭಾಗದ ಅನೇಕ ವಿದ್ಯಾರ್ಥಿಗಳು ತಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವಾಗ ಇದೊಂದೇ ಪದಕ್ಕೆ ಜೋತು ಬೀಳುತ್ತಾರೆ. ಹೆಸರು ಗಳಿಕೆಯ ನುಡಿಗಟ್ಟುಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. ಯಾವುದನ್ನು ಎಲ್ಲಿ ಬಳಸಬೇಕೆಂಬುದಕ್ಕೆ ಮಸ್ಕಿಗಿಂತ ಒಳ್ಳೆಯ ಪಾಠ ಸಿಗದು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದಾಗ ಶಾಸನಗಳಲ್ಲಿ ಕಂಡದ್ದು ದೇವಾನಂಪಿಯ, ಪಿಯದಸಿ ಎಂಬ ಬಿರುದುಗಳು. ಈ ಪಿಯದಸಿ ಅಶೋಕನೇ ಎಂದು ಜಾರ್ಜ್ ಟರ್ನರ್ ಸಿಂಹಳದ ಗ್ರಂಥಗಳನ್ನು ನೋಡಿ ಹೇಳಿದ್ದ. ಕಲ್ಲಿನ ಸಾಕ್ಷಿ ಮಾತ್ರ ಇರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಮಸ್ಕಿಯ ಬಂಡೆ ಬಿತ್ತು. ಮೊದಲ ಸಾಲಿನಲ್ಲೇ 'ಅಸೋಕಸ', ಅಂದರೆ ಅಶೋಕನ ಎಂದಿತ್ತು! ಮುಂದೆ ಗುಜರ್ರಾ, ನಿಟ್ಟೂರು, ಉಡೇಗೊಳಂಗಳಲ್ಲೂ ಆ ಹೆಸರು ಸಿಕ್ಕಿತಾದರೂ ಮೊದಲ ಸಾಕ್ಷಿಯ ಗೌರವ ಮಸ್ಕಿಯದೇ.

ಇಲ್ಲಿ ಒಪ್ಪುವ ಮಾತು 'ಪುಟ್ ಆನ್ ದ ಮ್ಯಾಪ್'. ಹೊರಗಿನವರಿಗೆ ಗೊತ್ತಿರದಿದ್ದ ಊರನ್ನು ಯಾವುದೋ ಒಂದು ಸಂಗತಿ ಎಲ್ಲರ ಬಾಯಿಗೆ ತಂದಾಗ ಹೀಗೆನ್ನುತ್ತಾರೆ. ಶಾಸನದಿಂದ ಮಸ್ಕಿಗೆ ಹೆಸರು ಬಂತು. ಇದೇ ಮಾತನ್ನು ಹಂಪಿಗೆ ಹಚ್ಚಿ, 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿ ಯುನೆಸ್ಕೊ ಅದನ್ನು 'ಪುಟ್ ಆನ್ ದ ಮ್ಯಾಪ್' ಮಾಡಿತು ಎಂದರೆ ಶುದ್ಧ ತಪ್ಪು. ಹಂಪಿಯ ಕೀರ್ತಿ ಯುನೆಸ್ಕೊಗಾಗಿ ಕಾದು ಕುಳಿತಿರಲಿಲ್ಲ.

ಸಿಂಧನೂರಿನ ರೈತರ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಕೆಸರಿಗಿಳಿದು ದುಡಿದವರು ಅವರು. ಅವರು ಹೆಸರು ಮಾಡಿದರು: 'ಮೇಡ್ ಎ ನೇಮ್ ಫಾರ್ ದೆಮ್‌ಸೆಲ್ವ್ಸ್'. ಕೋಲಾರದ ಗಣಿ 2001ರಲ್ಲಿ ಬಾಗಿಲು ಹಾಕಿದ ಮೇಲೂ ಚಿನ್ನ ತೆಗೆಯುತ್ತಿರುವ ಹಟ್ಟಿ, ಹೆಸರು ಉಳಿಸಿಕೊಂಡಿದೆ. ಅದಕ್ಕೆ 'ಲಿವ್ಸ್ ಅಪ್ ಟು ಇಟ್ಸ್ ರೆಪ್ಯುಟೇಷನ್' ಸಲ್ಲುತ್ತದೆ. 'ನಟೋರಿಯಸ್' ಎಂಬುದು ಹೆಸರು ಕೆಡಿಸಿಕೊಂಡವರಿಗೆ ಮೀಸಲು. ಹೊಗಳಿಕೆಯೆಂದು ಭಾವಿಸಿ ಅದನ್ನು ಗುರುಗಳ ಸನ್ಮಾನಪತ್ರದಲ್ಲಿ ಬರೆದರೆ ಅನಾಹುತವೇ.

ಬರುವುದು, ಮಾಡುವುದು, ಉಳಿಸಿಕೊಳ್ಳುವುದು, ಕೆಡಿಸಿಕೊಳ್ಳುವುದು: ಈ ಭೇದವೆಲ್ಲ ಕನ್ನಡ ಬಲ್ಲವರಿಗೆ ಮೊದಲೇ ಗೊತ್ತು. ಇಂಗ್ಲಿಷ್ ನುಡಿಗಟ್ಟಿಗೆ ಕೈ ಹಾಕುವ ಮುನ್ನ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿ ನೋಡಿ.