ಕೊಕ್ಕೊಲದ ಕಮಾನು

ಸಣ್ಣ ಊರಿನ ವಾದ್ಯವೃಂದವನ್ನು ಹೊಗಳಲು ಹೊರಟವರು ಮೊದಲು ಆ ಊರಿನ ಜನಸಂಖ್ಯೆ ಹೇಳುತ್ತಾರೆ. ಫಿನ್ಲೆಂಡಿನ ಪಶ್ಚಿಮ ಕರಾವಳಿಯ ಕೊಕ್ಕೊಲದಲ್ಲಿರುವ ಆಸ್ಟ್ರೊಬೋತ್ನಿಯನ್ ಚೇಂಬರ್ ಆರ್ಕೆಸ್ಟ್ರಾದ ಪಾಡೂ ಇದೇ. ಐವತ್ತು ಸಾವಿರ ಜನರೂ ಇಲ್ಲದ ಊರು, 1972ರಲ್ಲಿ ಯುಹಾ ಕಾಂಗಾಸ್ ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿ ಕಟ್ಟಿದ ತಂತಿವಾದ್ಯಗಳ ತಂಡ, 1989ರಿಂದ ವೃತ್ತಿಪರರ ವೃಂದ, 1993ರಲ್ಲಿ ನಾರ್ಡಿಕ್ ಕೌನ್ಸಿಲ್ ಸಂಗೀತ ಪ್ರಶಸ್ತಿ. ಎಂಥ ಪವಾಡ ಎನ್ನುತ್ತಾರೆ. ಈ ಉದ್ಗಾರದಲ್ಲಿ ನನಗೆ ಅವಮಾನವೇ ಕೇಳಿಸುತ್ತದೆ. ಕೊಕ್ಕೊಲದಿಂದ ಐವತ್ತು ಕಿಲೋಮೀಟರ್ ಒಳಗೆ ಹೋದರೆ ಕೌಸ್ತಿನೆನ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ ತಲೆಮಾರುಗಳಿಂದ ಮಕ್ಕಳು ಪಿಟೀಲನ್ನು ಕಿವಿಯಿಂದಲೇ ಕಲಿಯುತ್ತಾರೆ. ಮದುವೆ ಮನೆಯ ಕುಣಿತಕ್ಕೆ ನುಡಿಸುವ ಆ ಕೈಗಳ ನೆರೆಹೊರೆಯಲ್ಲಿ ಒಂದು ತಂತಿ ತಂಡ ಹುಟ್ಟದಿದ್ದರೆ ಆಶ್ಚರ್ಯಪಡಬೇಕಿತ್ತು.

ತಂಡದ ಕೀರ್ತಿಯ ಜೊತೆ ಸದಾ ಅಂಟಿಕೊಂಡು ಬರುವ ಕೃತಿ ಫಿನ್ನಿಷ್ ರಚನಕಾರ ರೌತವಾರರ ‘ಪೆಲಿಮನ್ನಿಟ್’. ಹಳ್ಳಿ ಪಿಟೀಲುಗಾರರನ್ನು ಕುರಿತ ಐದು ಪುಟ್ಟ ತುಣುಕುಗಳು. 1952ರಲ್ಲಿ, ಇನ್ನೂ ಇಪ್ಪತ್ತೈದು ತುಂಬದ ರೌತವಾರ ಇದನ್ನು ಪಿಯಾನೋಗೆ ಬರೆದರು. ಅದೇ ಅವರ ಮೊದಲ ಓಪಸ್. ಎರಡು ದಶಕದ ಮೇಲೆ ತಂತಿವಾದ್ಯಗಳಿಗೆ ಹೊಂದಿಸಿದರು. ಇದನ್ನು ಫಿನ್ನಿಷ್ ಜಾನಪದದ ಆತ್ಮ ಎಂದು ಕೊಂಡಾಡುವವರಿಗೆ ಕೊರತೆಯಿಲ್ಲ. ನನ್ನ ಮಟ್ಟಿಗೆ ಇದೊಂದು ಜಾಣ ಹುಡುಗನ ಜಾಣ ಕೃತಿ, ಅಷ್ಟೆ.

ಮೊದಲ ತುಣುಕನ್ನೇ ನೋಡಿ. ಪಿಟೀಲುಗಾರನನ್ನು ಮುಂದಿಟ್ಟುಕೊಂಡು ಹಳ್ಳಿಯ ಜನ ಮೆರವಣಿಗೆಯಲ್ಲಿ ಬರುತ್ತಿದ್ದಾರೆ. ಮೇಲೆ ಹಳೆಯ ಮಟ್ಟು, ಕೆಳಗೆ ಅದಕ್ಕೆ ಒಗ್ಗದ ಸ್ವರಗಳ ಭಾರವಾದ ಹೆಜ್ಜೆ. ಪಿಯಾನೋದಲ್ಲಿ ಆ ಅಪಸ್ವರ ಸುತ್ತಿಗೆ ಪೆಟ್ಟಿನಂತೆ ಬಿದ್ದು ಅಲ್ಲೇ ಸಾಯುತ್ತದೆ. ಕೇಳುಗ ನಕ್ಕು ಮುಂದೆ ಹೋಗಬಹುದು. ತಂತಿಯಲ್ಲಿ ಹಾಗಾಗುವುದಿಲ್ಲ. ಕಮಾನು ಎಳೆದಷ್ಟು ಹೊತ್ತೂ ಅಪಸ್ವರ ಉರಿಯುತ್ತಿರುತ್ತದೆ, ವಾದಕ ಅದನ್ನು ಹೊತ್ತುಕೊಂಡೇ ನಡೆಯಬೇಕು. ಪಾಲಿಶ್ ಆದ ತಂಡಗಳು ಇಲ್ಲಿ ಒತ್ತಡ ತಗ್ಗಿಸಿ ಸ್ವರಗಳನ್ನು ಮೆತ್ತಗೆ ಮಾಡುತ್ತವೆ, ಮಾತ್ರೆ ಮಾತ್ರೆಗೂ ಸಮನಾದ ತೂಕ ಕೊಡುತ್ತವೆ. ಕಾಂಗಾಸ್ ಅವರ ವಾದಕರು ಕಮಾನಿನ ಬುಡದಲ್ಲೇ ಒತ್ತಿ, ಕೂದಲು ಕೆರೆಯುವ ಸದ್ದು ಕೇಳಿಸುವ ಹಾಗೆ ನುಡಿಸುತ್ತಾರೆ. ಒತ್ತು ಬೀಳುವ ಜಾಗವೂ ಬೇರೆ. ಕೌಸ್ತಿನೆನ್‌ನ ಪಿಟೀಲುಗಾರ ಒಂದೇ ಎಳೆತದಲ್ಲಿ ಮಾತ್ರೆಯ ಗಡಿ ದಾಟುತ್ತಾನೆ. ಹಾಗಾಗಿ ಒತ್ತು ಪೆಟ್ಟಿನ ಮೇಲೆ ಬೀಳದೆ ಅದರ ಸಂದಿಯಲ್ಲಿ ಬಿದ್ದು ಕುಣಿಯುವವನ ಕಾಲನ್ನು ಎತ್ತುತ್ತದೆ. ರೌತವಾರರ ಹಾಳೆಯ ಮೇಲಿನ ಮೆರವಣಿಗೆಗೆ ಕಾಲು ಬರುವುದು ಇಲ್ಲಿಂದ.

ಹಾಳೆ ಎಂದೆ. ರೌತವಾರರಿಗೆ ಈ ಮಟ್ಟುಗಳು ಸಿಕ್ಕಿದ್ದೂ ಹಾಳೆಯಲ್ಲೇ, ಸಾಮುಯೆಲ್ ರಿಂತಾ-ನಿಕ್ಕೊಲಾ ಎಂಬ ಹಳ್ಳಿ ವಾದಕನ ಹಳೆಯ ನೋಟ್‌ಪುಸ್ತಕದಲ್ಲಿ. ಮೂರನೆಯ ತುಣುಕು ಸಾಮುಯೆಲ್ ಡಿಕ್‌ಸ್ಟ್ರೋಮ್ ಎಂಬ ಹಳ್ಳಿ ಇಗರ್ಜಿಯ ವಾದಕನ ಚಿತ್ರ. ಅವನು ಗಾಂಭೀರ್ಯ ತಂದುಕೊಂಡು ನುಡಿಸುತ್ತಾನೆ, ಬಾಖ್‌ನ ನೆರಳು ಬಂದು ಹೋಗುತ್ತದೆ. ಇದು ಹೆಲ್ಸಿಂಕಿಯ ವಿದ್ಯಾರ್ಥಿಯ ನಗು. ಪಟ್ಟಣದವನು ಹಳ್ಳಿಯ ಮೇಷ್ಟರ ಇಂಗ್ಲಿಷ್ ಅಣಕಿಸಿದ ಹಾಗೆ. ಕೊಕ್ಕೊಲದವರು ಇದನ್ನು ನಗದೆ ನುಡಿಸುತ್ತಾರೆ. ಅಣಕವನ್ನು ಅಣಕವೆಂದು ಗುರುತಿಸದವರಂತೆ ಪೂರ್ತಿ ಮರ್ಯಾದೆಯಿಂದ ನುಡಿಸುವುದರಿಂದಲೇ ಡಿಕ್‌ಸ್ಟ್ರೋಮ್ ಮನುಷ್ಯನಾಗಿ ಉಳಿಯುತ್ತಾನೆ. ಕೃತಿಯ ಹೆಸರಿಗೆ ಸಂದಿರುವ ಹೊಗಳಿಕೆಯಲ್ಲಿ ದೊಡ್ಡ ಪಾಲು ಈ ತಂಡಕ್ಕೆ ಸಲ್ಲಬೇಕಾದದ್ದು.

ಜಾನಪದ ಶಾಸ್ತ್ರೀಯ ವೇದಿಕೆಗೆ ಬಂದಾಗ ಉನ್ನತಿ ಪಡೆಯುತ್ತದೆ ಎನ್ನುವ ವಿಮರ್ಶಕರೊಂದಿಗೆ ನನ್ನ ಜಗಳ ಹಳೆಯದು. ನಮ್ಮಲ್ಲೂ ಸೋಬಾನೆ ಪದಕ್ಕೆ ಕೀಬೋರ್ಡು, ತಬಲ, ಕೊಳಲು ಸೇರಿಸಿ ಸಭಾಂಗಣಕ್ಕೆ ತಂದೊಡನೆ ಸಂಸ್ಕಾರವಾಯಿತೆಂದು ಬರೆಯುವವರಿದ್ದಾರೆ. ಅವರು ಕೌಸ್ತಿನೆನ್‌ನ ವರ್ಷಗಳನ್ನು ಒಮ್ಮೆ ನೋಡಲಿ. ಅಲ್ಲಿನ ಜಾನಪದ ಸಂಗೀತೋತ್ಸವ ಶುರುವಾದದ್ದು 1968ರಲ್ಲಿ, ಈ ವೃಂದಕ್ಕಿಂತ ನಾಲ್ಕು ವರ್ಷ ಮೊದಲು. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಹಳ್ಳಿಯ ಪಿಟೀಲುವಾದನ. ಎತ್ತುವುದಕ್ಕೆ ಅಲ್ಲಿ ಯಾರೂ ಬಿದ್ದಿರಲಿಲ್ಲ. ಎದುರು ಪಕ್ಷದ ಶುದ್ಧಿವಾದಿಗಳೂ ನನಗೆ ಅಷ್ಟೇ ಬೇಸರ. ಕೌಸ್ತಿನೆನ್‌ನ ಪಿಟೀಲುಗಾರರು ಪಕ್ಕಕ್ಕೆ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಕೂರಿಸಿಕೊಂಡು ನೂರು ಪೋಲ್ಸ್ಕಾ ಕುಣಿತದ ಮಟ್ಟು ನುಡಿಸಿದರೂ ಪರಂಪರೆ ಕೆಡಲಿಲ್ಲ. ನಮ್ಮ ದೇಶದಲ್ಲಿ 1940ರಲ್ಲಿ ರೇಡಿಯೋದಿಂದ ಹಾರ್ಮೋನಿಯಂ ಹೊರಹಾಕಿ, 1971ರವರೆಗೆ ಬಾಗಿಲು ಮುಚ್ಚಿಟ್ಟಿದ್ದರು.

‘ಪೆಲಿಮನ್ನಿಟ್’ನ ಹೊಗಳಿಕೆಯ ನಡುವೆ ನಿಜಕ್ಕೂ ಕಡೆಗಣಿಸಲ್ಪಟ್ಟವರು ರಚನಕಾರ ಪೇರ್ ಹೆನ್ರಿಕ್ ನೂರ್ಡ್‌ಗ್ರೆನ್. ಜಪಾನಿನಲ್ಲಿ ಓದಿ ಬಂದು 1973ರಲ್ಲಿ ಕೌಸ್ತಿನೆನ್‌ನಲ್ಲೇ ಮನೆ ಮಾಡಿ, 2008ರಲ್ಲಿ ತೀರಿಕೊಳ್ಳುವವರೆಗೆ ಈ ತಂಡಕ್ಕೆಂದೇ ಕೃತಿಯ ಮೇಲೆ ಕೃತಿ ಬರೆದವರು. ಅವರೂ 1976ರಲ್ಲಿ ಹಳ್ಳಿ ವಾದಕರ ಚಿತ್ರಗಳನ್ನು ಬರೆದಿದ್ದಾರೆ. ಆ ವಾದಕರು ಅವರಿಗೆ ನೆರೆಮನೆಯವರು, ಹಾಗಾಗಿ ತಮಾಷೆಗೆ ಸಿಗುವುದಿಲ್ಲ. ತಂತಿಗಳಿಗೆ ಬರೆದ ಅವರ ಸಿಂಫನಿಯಲ್ಲಿ ಸ್ವರಗಳು ಒತ್ತೊತ್ತಾಗಿ ಕೂತು, ಒಂದರ ಮೇಲೊಂದು ಉಜ್ಜಿಕೊಳ್ಳುತ್ತ ಬಿಡುಗಡೆ ಹುಡುಕುತ್ತವೆ. ಪ್ರತಿ ಎಳೆತಕ್ಕೂ ತೂಕ ಕೊಡಬಲ್ಲ ಕೈಯಿಲ್ಲದಿದ್ದರೆ ಇದು ಬರೀ ಗದ್ದಲವಾದೀತು.

ಈ ತಂಡದ ಕೊರತೆಯೂ ಒಂದಿದೆ, ಹೇಳಿಬಿಡುತ್ತೇನೆ. ನೂರ್ಡ್‌ಗ್ರೆನ್, ಲಾಟ್ವಿಯಾದ ವಾಸ್ಕ್ಸ್, ಸ್ವೀಡನ್ನಿನ ಎಲಿಯಾಸನ್ ಸಾಲಾಗಿ ಬಂದರೆ ಸಂಜೆಯೆಲ್ಲ ಮೋಡ. ಹೈಡನ್‌ನಂಥವನ ಬಿಸಿಲು ನಡುವೆ ಇನ್ನಷ್ಟು ಬೇಕಿತ್ತು. ಆದರೆ ತನ್ನ ಕಾಲದ, ತನ್ನ ಸೀಮೆಯ ರಚನಕಾರರನ್ನು ಇಷ್ಟು ಹಟದಿಂದ ನುಡಿಸುವ ಎಷ್ಟು ರಾಜಧಾನಿ ವೃಂದಗಳಿವೆ? ಇಂಥ ತಂಡದ ಚುಕ್ಕಾಣಿಯನ್ನು ಕಾಂಗಾಸ್ ನಂತರ 2013ರಲ್ಲಿ ಹಿಡಿದ ಸಕಾರಿ ಒರಾಮೊ ಜಗತ್ತು ಸುತ್ತಿದ ನಿರ್ದೇಶಕ, ಜೊತೆಗೆ ಸ್ವತಃ ಪಿಟೀಲುವಾದಕ. ತಂಡದ ಹೆಸರು ಬಂದಾಗಲೆಲ್ಲ ‘ಪೆಲಿಮನ್ನಿಟ್’ ಎತ್ತುವವರು ಅದನ್ನು ಎರಡು ವರ್ಷ ಕಪಾಟಿನಲ್ಲಿಟ್ಟು, ನೂರ್ಡ್‌ಗ್ರೆನ್‌ರ ತಂತಿ ಸಿಂಫನಿಯನ್ನು ಒಮ್ಮೆ ಪೂರ್ತಿ ಕೇಳಿ ಆಮೇಲೆ ಬರೆಯಲಿ.