ಅಹಮದಾಬಾದಿನ ಉಪವಾಸ: ಎರಡು ಕಥನಗಳು

1918ರ ಫೆಬ್ರವರಿ-ಮಾರ್ಚ್ ತಿಂಗಳುಗಳಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರು ನಡೆಸಿದ ಹೋರಾಟವನ್ನು ಮಹಾದೇವ ದೇಸಾಯಿಯವರ ‘ಏಕ ಧರ್ಮಯುದ್ಧ’ವೂ ಗಾಂಧೀಜಿಯವರ ಆತ್ಮಕಥೆಯೂ ನಿರೂಪಿಸಿವೆ. ಇವೆರಡನ್ನೂ ಜೊತೆಯಲ್ಲಿಟ್ಟು ಓದಲು ಜೈನ ವಾಚಕರಿಗೆ ವಿಶೇಷ ಕಾರಣವಿದೆ. ಮಾಲೀಕರ ಮುಂದಾಳು ಅಂಬಾಲಾಲ ಸಾರಾಭಾಯಿ ಮತ್ತು ಕಾರ್ಮಿಕರ ಪರ ನಿಂತ ಅನಸೂಯಾಬೆಹನ್ ಒಂದೇ ಜೈನ ಮನೆತನದಲ್ಲಿ ಹುಟ್ಟಿದ ತಮ್ಮ ಮತ್ತು ಅಕ್ಕ.

ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಹೆಚ್ಚುವರಿ ಭತ್ಯೆಯನ್ನು ಮಾಲೀಕರು ನಿಲ್ಲಿಸಿದ್ದರಿಂದ ವಿವಾದ ಹುಟ್ಟಿತು. ಮಾಲೀಕರು ಒಪ್ಪಿದ್ದು ಶೇಕಡಾ 20ರ ಏರಿಕೆಗೆ. ಗಾಂಧೀಜಿ ಲೆಕ್ಕ ಹಾಕಿ 35 ನ್ಯಾಯವೆಂದರು. ಅದಕ್ಕಿಂತ ಕಡಿಮೆಗೆ ಕೆಲಸಕ್ಕೆ ಮರಳೆವೆಂದು ಕಾರ್ಮಿಕರು ಪ್ರತಿಜ್ಞೆ ಮಾಡಿದರು. ಹಸಿವಿನಿಂದ ಆ ಪ್ರತಿಜ್ಞೆ ಸಡಿಲಗೊಳ್ಳತೊಡಗಿದಾಗ, ಮಾರ್ಚ್ 15ರಂದು ಗಾಂಧೀಜಿ ಉಪವಾಸ ಕೈಗೊಂಡರು.

ಈ ಘಟ್ಟದಲ್ಲಿ ಕಥನಗಳೆರಡೂ ಬೇರೆಯಾಗುತ್ತವೆ. ನಾಯಕರಿಗೇನು, ಮೋಟಾರಿನಲ್ಲಿ ಓಡಾಡುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ ಎಂಬರ್ಥದಲ್ಲಿ ಕಾರ್ಮಿಕರ ವಠಾರದಲ್ಲಿ ಕೇಳಿಬಂದ ಚುಚ್ಚುಮಾತನ್ನು ದೇಸಾಯಿಯವರು ದಾಖಲಿಸಿದ್ದಾರೆ. ಆತ್ಮಕಥೆಯಲ್ಲಿ ಅದು ಕಾಣುವುದಿಲ್ಲ. ಅಲ್ಲಿ ದಾರಿ ತಾನಾಗಿ ಹೊಳೆಯುತ್ತದೆ. ಬಡವನ ಕಟುನುಡಿಯನ್ನು ಉಳಿಸಿದ್ದು ದೇಸಾಯಿಯವರ ಗ್ರಂಥದ ಹಿರಿಮೆ. ಆದರೆ ‘ಧರ್ಮಯುದ್ಧ’ವೆಂಬ ಶೀರ್ಷಿಕೆ ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತದೆ.

ಆತ್ಮಕಥೆ ಹಾಗೆ ಮಾಡುವುದಿಲ್ಲ. ಮಾಲೀಕರೊಡನೆ ತಮಗೆ ಆತ್ಮೀಯತೆಯಿದ್ದುದರಿಂದ ಉಪವಾಸವು ಅವರ ಮೇಲೆ ಒತ್ತಡ ತಂದಿತೆಂದೂ, ಆದಕಾರಣ ಅದು ದೋಷಮುಕ್ತವಲ್ಲವೆಂದೂ ಗಾಂಧೀಜಿ ಒಪ್ಪಿಕೊಳ್ಳುತ್ತಾರೆ. ನಮ್ಮ ಶಾಸ್ತ್ರದಲ್ಲಿ ಅನಶನವು ಬಾಹ್ಯತಪಗಳಲ್ಲಿ ಮೊದಲನೆಯದು. ಅದರ ಗುರಿ ಕರ್ಮನಿರ್ಜರೆ. ಪರರ ಮನಸ್ಸನ್ನು ಬಾಗಿಸುವುದಲ್ಲ. ಈ ದೃಷ್ಟಿಯಿಂದ ಅವರ ಸ್ವಯಂವಿಮರ್ಶೆ ಹೊಗಳಿಕೆಯ ಎಲ್ಲ ಬರಹಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಮಾರ್ಚ್ 18ರ ಒಪ್ಪಂದದಂತೆ ಮೊದಲ ದಿನಕ್ಕೆ ಶೇಕಡಾ 35, ಎರಡನೆಯ ದಿನಕ್ಕೆ 20, ಆಮೇಲೆ ಪಂಚರ ತೀರ್ಪಿನವರೆಗೆ 27½ ಎಂದು ಗೊತ್ತಾಯಿತು. ಇಬ್ಬರ ಹಟವೂ ಉಳಿದ ಈ ಉಪಾಯವನ್ನು ಅನೇಕಾಂತವೆಂದು ಕೊಂಡಾಡುವುದು ಸರಿಯಲ್ಲ. ಅನೇಕಾಂತವು ಸತ್ಯವನ್ನು ಹಲವು ಕಡೆಯಿಂದ ಕಾಣುವ ಕ್ರಮವೇ ಹೊರತು ಕೂಲಿಯನ್ನು ಪಾಲುಮಾಡುವ ಗಣಿತವಲ್ಲ. ಪ್ರತಿಜ್ಞೆಯ ಅಕ್ಷರ ಮಾತ್ರ ಉಳಿಯಿತೆಂದು ಗಾಂಧೀಜಿಯವರೇ ಹೇಳಿದರು. ಕೊನೆಗೆ ಪಂಚರಾದ ಆನಂದಶಂಕರ ಧ್ರುವ ಅವರು 35ನ್ನೇ ಎತ್ತಿಹಿಡಿದರು.

ಹಾಗಾದರೆ ಆ ಹಸಿವೆಲ್ಲ ಯಾರ ತಪ್ಪಿಗೆ? ನ್ಯಾಯವಾದ ಅಂಕಿ ಮೊದಲೇ ಮಾಲೀಕರ ಮುಂದಿತ್ತು. ಕೀಟಕ್ಕೂ ನೋವಾಗದಂತೆ ನಡೆಯುವ ಶ್ರಾವಕನು ಕೂಲಿಯ ಪುಸ್ತಕವನ್ನು ಅಷ್ಟೇ ಎಚ್ಚರದಿಂದ ತೆರೆಯಬೇಕೆಂಬುದು ಈ ಎರಡು ಕಥನಗಳೂ ಬಾಯಿಬಿಟ್ಟು ಹೇಳದ ಪಾಠ. ನಮ್ಮ ಬಸದಿಗಳ ಅರ್ಚಕರು, ಅಡಿಗೆಯವರು, ಕಾವಲುಗಾರರು ಎಂದೂ ಉಪವಾಸ ಕೂಡುವವರಲ್ಲ. ಅವರು ಕೇಳುವ ಮೊದಲೇ ಅವರ ಲೆಕ್ಕವನ್ನು ನೋಡುವುದು ಟ್ರಸ್ಟುಗಳ ಧರ್ಮ.